ಮಾನವಕುಲದ ಪೂರ್ವಾಶ್ರಯ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಶಾಸ್ತ್ರವಿಚಾರಕ್ಕೆ ತೊಡಗುವವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ತಿಳಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆ. ಬರಹವು ಹುಟ್ಟುವುದಕ್ಕೆ ಮುಂಚೆ ಮನುಷ್ಯರು ಎಲ್ಲಿಂದ ಎಲ್ಲಿಗೆ ನಡೆದುಬಂದರೆಂಬುದೇ ಈ ಉಪನ್ಯಾಸದ ವಿಷಯ. ಕುಲಾಭಿಮಾನದ ನಿವೃತ್ತಿಯು ಇದರ ಪ್ರಯೋಜನ. ನೆಲವನ್ನು ಅಗೆದು ನೋಡುವ ಪುರಾತತ್ತ್ವಶಾಸ್ತ್ರಕ್ಕೂ ದೇಹದೊಳಗಣ ವಂಶಲಿಪಿಯನ್ನು ಓದುವ ಅನುವಂಶಶಾಸ್ತ್ರಕ್ಕೂ ಪರಸ್ಪರ ಇರುವ ಅಪೇಕ್ಷೆಯೇ ಸಂಬಂಧ. ತನ್ನ ಹುಟ್ಟಿನ ವಿಚಾರವಾಗಿ ಕೇಳಿದ್ದನ್ನೆಲ್ಲ ನಂಬದೆ, ಸಾಕ್ಷ್ಯವಿದ್ದರೆ ಒಪ್ಪುವೆನೆಂಬ ಮನಸ್ಸುಳ್ಳವರು ಯಾರೇ ಆಗಲಿ, ಅವರೇ ಅಧಿಕಾರಿಗಳು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. “ಲಿಂಗದೀಕ್ಷೆಯನ್ನು ಹೊಂದಿದ ಭಕ್ತನ ಪೂರ್ವಾಶ್ರಯವನ್ನು ಎತ್ತಬಾರದೆಂಬುದು ಶರಣಧರ್ಮದ ಮರ್ಯಾದೆ. ಹುಟ್ಟನ್ನು ಕೇಳುವುದೇ ದೋಷವಾಗಿರುವಲ್ಲಿ, ಮನುಷ್ಯನ ಹುಟ್ಟನ್ನೇ ಕೆದಕುವ ಶಾಸ್ತ್ರವು ಮಠದ ಸಭೆಗೆ ಹೇಗೆ ಯೋಗ್ಯವಾದೀತು?” ಈ ಆಕ್ಷೇಪವು ಹಗುರವಾದುದಲ್ಲ. ಆದಕಾರಣ ಅದರ ಸಮಾಧಾನವನ್ನು ಕೊನೆಗೆ ಇರಿಸಿಕೊಂಡು, ಮೊದಲು ಸಾಕ್ಷಿಗಳಿಬ್ಬರ ಮಾತನ್ನು ಕೇಳುವುದು ನ್ಯಾಯ.

ಮೊದಲನೆಯ ಸಾಕ್ಷಿ: ನೆಲ

ಬಳ್ಳಾರಿ, ರಾಯಚೂರು, ಯಾದಗಿರಿ ಮೊದಲಾದ ಸೀಮೆಗಳಲ್ಲಿಯೂ ನೆರೆಯ ಆಂಧ್ರ ತೆಲಂಗಾಣ ದೇಶಗಳಲ್ಲಿಯೂ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಇಂಥವು ನೂರಕ್ಕೂ ಮೇಲ್ಪಟ್ಟು ಗುರುತಿಸಲ್ಪಟ್ಟಿವೆ. ಹಳ್ಳಿಯ ಜನರು ಇವನ್ನು ರಾಕ್ಷಸರು ಬೆಂದ ಬೂದಿಯೆಂದು ಹೇಳುತ್ತ ಬಂದಿದ್ದಾರೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನವಾದ ಸ್ಥಳವೆಂದು ತೋರಿಸುತ್ತಾರೆ. ವಿದ್ವಾಂಸರೊಳಗೂ ಕೆಲವರು ಜ್ವಾಲಾಮುಖಿಯ ಬೂದಿಯೆಂದರು, ಕೆಲವರು ಕಬ್ಬಿಣ ಕರಗಿಸಿದ ಕಿಟ್ಟವೆಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಾಂತಗಳನ್ನು ಕಾಲ್ನಡೆಯಲ್ಲಿಯೂ ಕುದುರೆಯ ಮೇಲೆಯೂ ಸುತ್ತಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು, ಇವು ನೂತನ ಶಿಲಾಯುಗದ ಜನರು ಸುಟ್ಟ ದನದ ಸಗಣಿಯ ರಾಶಿಗಳೆಂದು ಊಹಿಸಿದನು. ಕ್ರಿ. ಶ. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸನು ಉಟ್ನೂರಿನ ದಿಬ್ಬವನ್ನು ಅಗೆಯಿಸಿದಾಗ ಆ ಊಹೆಯು ದೃಢವಾಯಿತು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳಿದ್ದವು. ಸುತ್ತಲೂ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳಿದ್ದವು. ತರುವಾಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಯಿಸಿದ ಉತ್ಖನನವು, ದೊಡ್ಡಿಯ ಮಗ್ಗುಲಲ್ಲಿಯೇ ಜನರು ವಾಸಿಸುತ್ತಿದ್ದ ನೆಲೆಯನ್ನೂ ಕಲ್ಲಿನ ಆಯುಧಗಳನ್ನು ತಯಾರಿಸುತ್ತಿದ್ದ ಠಾವನ್ನೂ ಹೊರಗೆಡಹಿತು. ಈ ಗೋಪಾಲಕರು ಕ್ರಿ. ಪೂ. ೩೦೦೦ರ ಸುಮಾರಿನಿಂದ ಕ್ರಿ. ಪೂ. ೧೨೦೦ರ ಸುಮಾರಿನವರೆಗೆ ಈ ನೆಲದಲ್ಲಿ ಬಾಳಿದರೆಂದು ತಿಳಿದುಬಂದಿದೆ.

ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಇಲ್ಲಿ ಬೂದಿಯಿಂದ ಬೆಂಕಿಯೂ, ಗೊರಸಿನಿಂದ ಗೋವೂ, ಕಂಬದ ಕುಳಿಯಿಂದ ದೊಡ್ಡಿಯೂ, ದೊಡ್ಡಿಯಿಂದ ಅದನ್ನು ಕಟ್ಟಿದ ಮನುಷ್ಯನೂ ಸಿದ್ಧಿಸುತ್ತಾರೆ. ಕಾಲನಿರ್ಣಯಕ್ಕೆ ಬೇರೆ ಹೇತುವು ಬೇಕು. ಕ್ರಿ. ಶ. ೧೯೪೯ರಲ್ಲಿ ವಿಲ್ಲರ್ಡ್ ಲಿಬ್ಬಿ ಎಂಬಾತನು ಪ್ರಕಟಿಸಿದ ಅಂಗಾರಗಣನೆಯ ಕ್ರಮವು ಅದನ್ನು ಒದಗಿಸಿತು. ಪ್ರಾಣಿಯೂ ಸಸ್ಯವೂ ಜೀವಿಸಿರುವಷ್ಟು ಕಾಲ ಒಂದು ಬಗೆಯ ವಿಕಿರಣಶೀಲ ಅಂಗಾರವನ್ನು ಸೇವಿಸುತ್ತಲಿರುತ್ತವೆ. ಸತ್ತ ಬಳಿಕ ಅದು ೫೭೩೦ ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಉಳಿದಿರುವ ಭಾಗವನ್ನು ಅಳೆದರೆ ಸತ್ತ ಕಾಲವು ತಿಳಿಯುತ್ತದೆ.

ಈ ಸಾಕ್ಷಿಗೂ ಒಂದು ಮಿತಿಯುಂಟು. ನೆಲವು ವಸ್ತುವನ್ನು ತೋರಿಸುತ್ತದೆ. ಅದನ್ನು ಹಿಡಿದಿದ್ದ ಕೈಯನ್ನು ತೋರಿಸುವುದಿಲ್ಲ. ಒಂದು ಮನೆಯಲ್ಲಿ ಕಾಶಿಯ ತಂಬಿಗೆ ಇದ್ದ ಮಾತ್ರಕ್ಕೆ ಆ ಮನೆಯವರು ಕಾಶಿಯಿಂದ ಬಂದವರೆಂದು ಹೇಳಬಹುದೇ? ಯಾತ್ರೆಗೆ ಹೋದವರು ತಂದಿರಬಹುದು, ವರ್ತಕನು ಮಾರಿರಬಹುದು, ಇಲ್ಲಿಯ ಕಂಚುಗಾರನೇ ನೋಡಿ ಮಾಡಿರಬಹುದು. ಗಡಿಗೆಯು ನಡೆದು ಬಂದಿತೋ ಗಡಿಗೆಯನ್ನು ಹೊತ್ತ ಜನರು ನಡೆದು ಬಂದರೋ ಎಂಬ ಈ ಸಂಶಯವನ್ನು ಪುರಾತತ್ತ್ವವೊಂದೇ ನೂರು ವರ್ಷವಾದರೂ ಬಿಡಿಸಲಾರದೆ ಹೋಯಿತು.

ಎರಡನೆಯ ಸಾಕ್ಷಿ: ದೇಹ

ಮನುಷ್ಯನ ದೇಹದ ಜೀವಕಣಗಳಲ್ಲಿ ಡಿ.ಎನ್.ಎ. ಎಂಬ ಸೂಕ್ಷ್ಮವಾದ ತಂತುವು ಇರುವುದು. ಇದರ ಸುರುಳಿಯ ಆಕಾರವನ್ನು ರೊಸಾಲಿಂಡ್ ಫ್ರಾಂಕ್ಲಿನ್ ಎಂಬಾಕೆಯ ಛಾಯಾಚಿತ್ರಗಳ ನೆರವಿನಿಂದ ವಾಟ್ಸನ್, ಕ್ರಿಕ್ ಎಂಬಿಬ್ಬರು ಕ್ರಿ. ಶ. ೧೯೫೩ರಲ್ಲಿ ಪ್ರಕಟಿಸಿದರು. ಇದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಸುಮಾರು ೩೦೦ ಕೋಟಿ ಅಕ್ಷರಗಳ ಗ್ರಂಥವಿದ್ದಂತೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಮಗುವಿಗೆ ದೊರೆಯುತ್ತವೆ.

ತಾಳೆಗರಿಯ ಗ್ರಂಥಗಳನ್ನು ಬಲ್ಲವರಿಗೆ ಈ ಶಾಸ್ತ್ರದ ರೀತಿಯು ಬೇಗನೆ ತಿಳಿಯುವುದು. ಲಿಪಿಕಾರನು ಪ್ರತಿಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರವನ್ನು ತಪ್ಪಿ ಬರೆಯುತ್ತಾನೆ. ಆ ಪ್ರತಿಯಿಂದ ಇಳಿದ ಪ್ರತಿಗಳಲ್ಲೆಲ್ಲ ಆ ತಪ್ಪು ಉಳಿದುಬರುತ್ತದೆ. ಬೇರೆ ಬೇರೆ ಮಠಗಳ ಎರಡು ಕಟ್ಟುಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ವಿಧವಾದ ತಪ್ಪುಗಳು ಹಲವು ಕಂಡರೆ, ಎರಡಕ್ಕೂ ಮೂಲವಾದ ಒಂದು ಮಾತೃಕೆಯಿತ್ತೆಂದು ಸಂಪಾದಕನು ನಿಶ್ಚಯಿಸುತ್ತಾನೆ. ವಂಶಲಿಪಿಯಲ್ಲಿಯೂ ಹಾಗೆಯೇ. ಪೀಳಿಗೆಯಿಂದ ಪೀಳಿಗೆಗೆ ಕೆಲವೇ ಅಕ್ಷರಗಳು ಮಾರ್ಪಡುತ್ತವೆ. ಮಾರ್ಪಟ್ಟವು ಸಂತತಿಗೆ ಇಳಿಯುತ್ತವೆ. ಯಾವ ಇಬ್ಬರು ಮನುಷ್ಯರ ಗ್ರಂಥಗಳನ್ನು ಹೋಲಿಸಿದರೂ ಸಾವಿರಕ್ಕೆ ಸುಮಾರು ಒಂದು ಅಕ್ಷರ ಮಾತ್ರ ಭೇದ. ಆ ಒಂದರಿಂದಲೇ ಸಂಬಂಧಗಳನ್ನು ಗಣಿಸಬೇಕು.

ಜೀವಕಣದಲ್ಲಿ ತಾಯಿಯಿಂದ ಮಾತ್ರವೇ ಬರುವ ಒಂದು ಕಿರಿದಾದ ತಂತುವೂ ಉಂಟು. ಕ್ರಿ. ಶ. ೧೯೮೭ರಲ್ಲಿ ಮೂವರು ವಿದ್ವಾಂಸರು ಇದನ್ನು ಹಲವು ಖಂಡಗಳ ಜನರಲ್ಲಿ ಪರೀಕ್ಷಿಸಿ, ಈಗ ಇರುವ ಸಕಲ ಮನುಷ್ಯರ ಮಾತೃಪರಂಪರೆಯೂ ಸುಮಾರು ೨ ಲಕ್ಷ ವರ್ಷಗಳ ಹಿಂದೆ ಆಫ್ರಿಕಾಖಂಡದಲ್ಲಿದ್ದ ಒಬ್ಬ ಸ್ತ್ರೀಯನ್ನು ಮುಟ್ಟುತ್ತದೆಂದು ತೋರಿಸಿದರು. ಆ ಕಾಲದಲ್ಲಿ ಆಕೆಯೊಬ್ಬಳೇ ಇದ್ದಳೆಂದು ಇದರ ಅರ್ಥವಲ್ಲ. ಬೇರೆ ಸ್ತ್ರೀಯರೂ ಇದ್ದರು. ತಾಯಿಯಿಂದ ಮಗಳಿಗೆ ಇಳಿಯುವ ಅವರ ಎಳೆಗಳು ಎಲ್ಲಿಯೋ ಕಡಿದವು, ಆಕೆಯ ಎಳೆಯು ಕಡಿಯಲಿಲ್ಲ.

ಸತ್ತವರ ಎಲುಬಿನಿಂದಲೂ ಈ ಲಿಪಿಯನ್ನು ಓದುವ ವಿದ್ಯೆಯನ್ನು ಬೆಳೆಯಿಸಿದವರಲ್ಲಿ ಅಗ್ರಗಣ್ಯನು ಸ್ವಾಂತೆ ಪೇಬೋ. ಆತನಿಗೆ ಕ್ರಿ. ಶ. ೨೦೨೨ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕಿವಿಯ ಒಳಭಾಗವನ್ನು ಸುತ್ತಿರುವ, ಕಲ್ಲಿನಂತೆ ಗಟ್ಟಿಯಾದ ಎಲುಬಿನಲ್ಲಿ ಈ ಲಿಪಿಯು ಹೆಚ್ಚು ಕಾಲ ಉಳಿಯುತ್ತದೆ. ಆದರೆ ಸೆಕೆ ಮತ್ತು ತೇವಗಳು ಇದಕ್ಕೆ ಪರಮಶತ್ರುಗಳು. ಚಳಿದೇಶಗಳಲ್ಲಿ ಸುಲಭವಾಗಿ ದೊರೆಯುವುದು ಭಾರತದಂಥ ಉಷ್ಣದೇಶದಲ್ಲಿ ದುರ್ಲಭ.

ಈ ಸಾಕ್ಷಿಗೂ ಮಿತಿಯುಂಟು. ಎಲುಬು ಯಾರ ಸಂತತಿಯೆಂಬುದನ್ನು ಹೇಳುವುದು. ಆ ಮನುಷ್ಯನು ಏನನ್ನು ಬೆಳೆದನು, ಯಾವ ಮಡಕೆಯಲ್ಲಿ ಬೇಯಿಸಿದನು, ಯಾರೊಡನೆ ವ್ಯಾಪಾರಮಾಡಿದನು ಎಂಬುದನ್ನು ಹೇಳಲಾರದು. ಒಬ್ಬನಿಗೆ ಕಣ್ಣುಂಟು ಕಾಲಿಲ್ಲ, ಇನ್ನೊಬ್ಬನಿಗೆ ಕಾಲುಂಟು ಕಣ್ಣಿಲ್ಲ. ಕುರುಡನ ಹೆಗಲ ಮೇಲೆ ಹೆಳವನು ಕುಳಿತರೆ ಇಬ್ಬರೂ ಊರು ಸೇರುವರೆಂಬ ನ್ಯಾಯವು ಇಲ್ಲಿ ಸಲ್ಲುತ್ತದೆ.

ಸಾಕ್ಷಿಗಳ ಏಕವಾಕ್ಯತೆ

ಹರಿಯಾಣಾ ಪ್ರಾಂತದ ಹಿಸಾರ್ ಜಿಲ್ಲೆಯಲ್ಲಿ ರಾಖೀಗಢಿ ಎಂಬ ಊರುಂಟು. ಹರಪ್ಪಾ, ಮೊಹೆಂಜೊದಾರೊಗಳನ್ನು ಕಟ್ಟಿದ ಸಿಂಧೂ ನಾಗರಿಕತೆಯ ಬಹು ದೊಡ್ಡ ಪಟ್ಟಣಗಳಲ್ಲೊಂದು ಅಲ್ಲಿ ಹೂತುಹೋಗಿದೆ. ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆಯವರೂ ಅವರ ಸಂಗಡಿಗರೂ ಅಲ್ಲಿಯ ಶ್ಮಶಾನವನ್ನು ಅಗೆಯಿಸಿದರು. ಎಲುಬಿನ ೬೧ ಮಾದರಿಗಳನ್ನು ಪರೀಕ್ಷಿಸಿದಲ್ಲಿ ಒಂದರಿಂದ ಮಾತ್ರ ಓದತಕ್ಕಷ್ಟು ಲಿಪಿಯು ದೊರೆಯಿತು. ಅದು ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಸ್ತ್ರೀಯದು. ಹೆಸರು ತಿಳಿಯದ ಆ ತಾಯಿಯ ಸಾಕ್ಷ್ಯವು ಕ್ರಿ. ಶ. ೨೦೧೯ರಲ್ಲಿ ಪ್ರಕಟವಾಯಿತು.

ಒಬ್ಬರ ಸಾಕ್ಷ್ಯದಿಂದ ಇಡೀ ನಾಗರಿಕತೆಯ ವಿಚಾರವನ್ನು ಹೇಳಬಹುದೇ ಎಂದರೆ, ಅಲ್ಲಿ ನೆಲದ ಸಾಕ್ಷಿಯು ನೆರವಿಗೆ ಬಂದಿತು. ತುರ್ಕಮೆನಿಸ್ತಾನದ ಗೋನೂರ್ ಎಂಬ ಪುರಾತನ ಪಟ್ಟಣದಲ್ಲಿ ಆನೆಯ ಚಿತ್ರವುಳ್ಳ ಸಿಂಧೂ ಮುದ್ರೆಯೊಂದು ಮೊದಲೇ ದೊರೆತಿತ್ತು. ವ್ಯಾಪಾರವಿತ್ತೆಂಬುದು ಅದರಿಂದ ತಿಳಿದಿತ್ತು. ಗೋನೂರಿನಲ್ಲಿಯೂ ಪಾರಸೀಕ ದೇಶದ ಶಹರ್-ಇ-ಸೋಖ್ತಾದಲ್ಲಿಯೂ ಹೂಳಲ್ಪಟ್ಟವರ ಪೈಕಿ ೧೧ ಮಂದಿಯ ವಂಶಲಿಪಿಯು ಸ್ಥಳದ ಇತರರನ್ನು ಹೋಲದೆ, ರಾಖೀಗಢಿಯ ಸ್ತ್ರೀಯ ಲಿಪಿಯೊಡನೆ ಹೊಂದಿಕೆಯಾಯಿತು. ಮುದ್ರೆಯೊಡನೆ ಮನುಷ್ಯರೂ ನಡೆದಿದ್ದರೆಂಬುದು ಹೀಗೆ ಎರಡು ಬಾಯಿಗಳಿಂದ ಸಿದ್ಧವಾಯಿತು.

ಇವರಲ್ಲಿ ಎರಡು ಧಾರೆಗಳು ಕೂಡಿದ್ದವು. ಒಂದು, ಹತ್ತಾರು ಸಾವಿರ ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಟು ಈ ಉಪಖಂಡವನ್ನು ಸೇರಿ ಬೇಟೆಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸಿದವರ ಧಾರೆ. ಅಂಡಮಾನಿನ ಆದಿವಾಸಿಗಳು ಇವರಿಗೆ ಬಹು ದೂರದ ದಾಯಾದಿಗಳು. ಇನ್ನೊಂದು, ಪಾರಸೀಕ ದೇಶದ ಪ್ರಾಚೀನರಿಗೆ ಸಂಬಂಧಿಸಿದ ಧಾರೆ. ಈ ಎರಡನೆಯವರು ಬೇಸಾಯವನ್ನು ಕಲಿತ ಬಳಿಕ ಪಶ್ಚಿಮದಿಂದ ಬಂದವರೆಂದು ಹಿಂದೆ ಹಲವರ ಮತವಾಗಿತ್ತು. ಎಲುಬಿನ ಸಾಕ್ಷ್ಯವು ಅದನ್ನು ಸಮರ್ಥಿಸಲಿಲ್ಲ. ಇವರ ಕವಲು ಅಲ್ಲಿಯ ಬೇಸಾಯಗಾರರ ಕವಲಿನಿಂದ ಬೇಸಾಯವು ಹುಟ್ಟುವುದಕ್ಕೆ ಮುಂಚೆಯೇ ಒಡೆದಿತ್ತು. ಸಿಂಧೂ ಪ್ರಾಂತದ ಜನರು ಬೇಸಾಯವನ್ನು ತಾವೇ ರೂಢಿಸಿಕೊಂಡಿರಬೇಕು, ಇಲ್ಲವೆ ನೆರೆಯವರಿಂದ ಬೀಜವನ್ನೂ ಬುದ್ಧಿಯನ್ನೂ ಪಡೆದಿರಬೇಕು.

ಮೂರನೆಯ ಧಾರೆಯು ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲುಗಳಿಂದ ಮಧ್ಯ ಏಷ್ಯದ ಮಾರ್ಗವಾಗಿ ಬಂದುದು. ಅದು ರಾಖೀಗಢಿಯ ಸ್ತ್ರೀಯಲ್ಲಿ ಇಲ್ಲ. ಆಕೆಯ ಸಾಕ್ಷ್ಯದೊಡನೆಯೇ ಪ್ರಕಟವಾದ, ೫೨೩ ಮಂದಿ ಪ್ರಾಚೀನರ ಎಲುಬುಗಳನ್ನು ಓದಿದ ಇನ್ನೊಂದು ಗ್ರಂಥವು, ಈ ಧಾರೆಯು ಕ್ರಿ. ಪೂ. ೨೦೦೦ರಿಂದ ೧೫೦೦ರ ನಡುವೆ ಉಪಖಂಡವನ್ನು ಹೊಕ್ಕಿತೆಂದು ನಿರ್ಣಯಿಸಿತು. ಸ್ವಾತ್ ಕಣಿವೆಯ ಗೋರಿಗಳಲ್ಲಿ ಅದರ ಗುರುತು ಸ್ಪಷ್ಟವಾಗಿದೆ. ಹುಲ್ಲುಗಾವಲಿನ ಆ ಜನರೂ ಶುದ್ಧಧಾರೆಯವರಾಗಿರಲಿಲ್ಲ. ಅವರ ಹಿರಿಯರೂ ಬೇರೆ ಬೇರೆ ಜನರ ಕೂಡುವಿಕೆಯಿಂದಲೇ ಆದವರು.

ದಾಸೋಹದ ಎಲೆಯಲ್ಲಿ

ಮನುಷ್ಯನು ಒಬ್ಬನೇ ನಡೆದವನಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದಾಗ, ಆ ಕಾಲದವರು ಕೊರಲೆಯನ್ನೂ ಹುರುಳಿಯನ್ನೂ ಹೆಸರನ್ನೂ ಉಣ್ಣುತ್ತಿದ್ದರೆಂದು ತಿಳಿಯಿತು. ಇವು ಭಾರತದ ಬೆಳೆಗಳು. ಗೋದಿ, ಜವೆಗೋದಿಗಳು ಪಶ್ಚಿಮ ಏಷ್ಯದಿಂದ ಉತ್ತರದ ಮಾರ್ಗವಾಗಿ ಬಂದು ಅಲ್ಪಸ್ವಲ್ಪ ಸೇರಿಕೊಂಡವು. ಕನ್ನಡಿಗರು ತಮ್ಮ ನೆಲದ ಪ್ರಾಣವೆಂದು ತಿಳಿದ ಜೋಳವಾದರೋ ಆಫ್ರಿಕಾಖಂಡದ ಸೂಡಾನ್ ದೇಶದ ಕಡೆಯದು. ರಾಗಿಯು ಅದೇ ಖಂಡದ ಪೂರ್ವದ ಎತ್ತರದ ಪ್ರದೇಶದ್ದು. ಕಾಡುಜೋಳ ಕಾಡುರಾಗಿಗಳ ವಂಶಲಿಪಿಯೂ ನೆಲದಲ್ಲಿ ದೊರೆತ ಕಾಳುಗಳೂ ಇದಕ್ಕೆ ಸಾಕ್ಷಿ.

ಹಿಣಿಲುಳ್ಳ ಎತ್ತಿನ ವೃತ್ತಾಂತವು ಬೇರೆ. ಪಶ್ಚಿಮದ ಹಿಣಿಲಿಲ್ಲದ ದನಕ್ಕೂ ಭಾರತದ ಹಿಣಿಲುಳ್ಳ ದನಕ್ಕೂ ಮೂಲವಾದ ಕಾಡುದನಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾಗಿದ್ದವೆಂದು ಕ್ರಿ. ಶ. ೧೯೯೪ರಲ್ಲಿ ಅವುಗಳ ವಂಶಲಿಪಿಯಿಂದ ತಿಳಿದುಬಂದಿತು. ಆದಕಾರಣ ಈ ಎತ್ತನ್ನು ಯಾರೂ ಹೊರಗಿನಿಂದ ತರಲಿಲ್ಲ. ಸಿಂಧೂ ಪ್ರಾಂತದ ಕಡೆಯಲ್ಲಿಯೇ ಅದು ಪಳಗಿತು. ಬಲೂಚಿಸ್ತಾನದ ಮೇಹರ್‌ಗಢದಲ್ಲಿ ದೊರೆತ ಎಲುಬುಗಳು ಇದನ್ನು ಪುಷ್ಟೀಕರಿಸುತ್ತವೆ. ಅದರ ಚಿತ್ರಗಳನ್ನು ಸಂಗನಕಲ್ಲು ಕುಪ್ಪಗಲ್ಲುಗಳ ಬಂಡೆಗಳ ಮೇಲೆ ಗೋಪಾಲಕರು ಕೊರೆದಿಟ್ಟಿದ್ದಾರೆ. ಮಠದ ದಾಸೋಹದಲ್ಲಿ ಬಡಿಸಿದ ರೊಟ್ಟಿಯು ಆಫ್ರಿಕಾದಿಂದ ಬಂದುದು, ಹೆಸರಿನ ಬೇಳೆಯು ಈ ನೆಲದ್ದು, ಆ ಹೊಲವನ್ನು ಉತ್ತ ಎತ್ತು ಸಿಂಧೂ ತೀರದ್ದು. ಪಂಕ್ತಿಯಲ್ಲಿ ಕುಳಿತು ಉಣ್ಣುವವರಲ್ಲಿ ಯಾರೊಬ್ಬರೂ ರೊಟ್ಟಿಯ ಪೂರ್ವಾಶ್ರಯವನ್ನು ಕೇಳುವುದಿಲ್ಲ.

ಹೇತ್ವಾಭಾಸಗಳ ನಿರಾಕರಣ

ಸಾಕ್ಷಿಯು ಹೇಳಿದ್ದಕ್ಕಿಂತ ಹೆಚ್ಚನ್ನು ಅವನ ಬಾಯಿಂದ ಹೊರಡಿಸಲಾಗದು. ಗೋಮಯವನ್ನು ಸುಟ್ಟ ಬೂದಿಯ ದಿಬ್ಬಗಳನ್ನು ಕಂಡು, “ಇದು ವಿಭೂತಿ; ಆದುದರಿಂದ ಐದು ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯವರು ಶಿವಭಕ್ತರಾಗಿದ್ದರು” ಎಂದು ಹರ್ಷಿಸುವವರಿದ್ದಾರೆ. ಇದು ಅತಿವ್ಯಾಪ್ತಿದೋಷ. ಬೂದಿಯಿದ್ದಲ್ಲೆಲ್ಲ ಭಕ್ತಿಯಿರಬೇಕೆಂಬ ವ್ಯಾಪ್ತಿಯು ಎಲ್ಲಿಯೂ ಸಿದ್ಧವಲ್ಲ. ಆ ಗೋಪಾಲಕರು ಏತಕ್ಕಾಗಿ ಸಗಣಿಯನ್ನು ಸುಟ್ಟರೆಂಬುದರಲ್ಲಿಯೇ ವಿದ್ವಾಂಸರಿಗೆ ಐಕಮತ್ಯವಿಲ್ಲ. ಧರ್ಮದ ಗೌರವಕ್ಕೆ ಸುಳ್ಳು ಪ್ರಾಚೀನತೆಯ ಊರೆಗೋಲು ಬೇಕಿಲ್ಲ.

ಹಾಗೆಯೇ ಎಲುಬಿಗೆ ನಾಲಗೆಯಿಲ್ಲ. ಸತ್ತವನು ಯಾವ ಭಾಷೆಯನ್ನು ಆಡುತ್ತಿದ್ದನೆಂಬುದನ್ನು ಅದು ತಾನಾಗಿ ಹೇಳದು. ಜನರ ನಡಿಗೆಗೂ ಭಾಷೆಗಳ ನಡಿಗೆಗೂ ಸಂಬಂಧವನ್ನು ಕಲ್ಪಿಸುವುದಕ್ಕೆ ಭಾಷಾಶಾಸ್ತ್ರವೆಂಬ ಮೂರನೆಯ ಸಾಕ್ಷಿಯು ಬೇಕು. ಸಿಂಧೂ ಲಿಪಿಯಂತೂ ಸರ್ವಸಮ್ಮತವಾಗಿ ಇನ್ನೂ ಓದಲ್ಪಟ್ಟಿಲ್ಲ.

ಮೂರನೆಯ ಆಭಾಸವು ಎಲ್ಲಕ್ಕಿಂತ ಅಪಾಯಕರವಾದುದು. ಮೂರು ಧಾರೆಗಳ ಪ್ರಮಾಣವು ಪ್ರಾಂತಭೇದದಿಂದಲೂ ಜಾತಿಭೇದದಿಂದಲೂ ಹೆಚ್ಚುಕಡಮೆಯಾಗಿದೆ. ಇದು ಸತ್ಯ, ಮುಚ್ಚಿಡತಕ್ಕದ್ದಲ್ಲ. ಆದರೆ ಇದರಿಂದ ಒಬ್ಬನು ಮೇಲು, ಒಬ್ಬನು ಕೀಳು ಎಂದು ಸಾಧಿಸಹೊರಟವನ ಹೇತುವು ಸ್ವರೂಪದಲ್ಲಿಯೇ ಅಸಿದ್ಧ. ಮೂರು ಹೊಳೆಗಳ ನೀರು ಬೇರೆ ಬೇರೆ ಅಳತೆಯಲ್ಲಿ ಕೂಡಿರುವ ಕೊಡಗಳಲ್ಲಿ ಯಾವುದು ಶುದ್ಧವೆಂದು ಕೇಳುವುದೇ ತಪ್ಪಾದ ಪ್ರಶ್ನೆ.

ಮುಚ್ಚಿದ ಬಾಗಿಲು

ಈ ಕೊಡಗಳು ತುಂಬಿದ ಕಾಲವನ್ನೂ ಶಾಸ್ತ್ರವು ಗಣಿಸಿದೆ. ಎರಡು ಬೇರೆ ಮಾತೃಕೆಗಳನ್ನು ಕೂಡಿಸಿ ಪ್ರತಿಮಾಡುವ ಲಿಪಿಕಾರನು ಮೊದಲು ಇದರಿಂದ ನೂರು ಗರಿ, ಅದರಿಂದ ನೂರು ಗರಿ ತೆಗೆದುಕೊಂಡನೆನ್ನಿರಿ. ಅವನ ಶಿಷ್ಯನೂ ಹಾಗೆಯೇ ಕಲಸಿ ಬರೆದರೆ, ಒಂದೇ ಮೂಲದಿಂದ ಬಂದ ಎಡೆಬಿಡದ ಗರಿಗಳ ಸಂಖ್ಯೆಯು ಐವತ್ತಾದೀತು, ಇಪ್ಪತ್ತೈದಾದೀತು. ತುಂಡುಗಳ ಉದ್ದವನ್ನು ನೋಡಿ ಕೂಡುವಿಕೆಯು ಎಷ್ಟು ಪೀಳಿಗೆಗಳ ಹಿಂದೆ ನಡೆಯಿತೆಂದು ಹೇಳಬಹುದು. ಈ ಕ್ರಮದಿಂದ ಹೈದರಾಬಾದಿನ ಕೋಶಾಣುಜೀವಶಾಸ್ತ್ರ ಸಂಶೋಧನಾಲಯದ ಕೆ. ತಂಗರಾಜ್ ಮೊದಲಾದವರೂ ಅಮೆರಿಕದ ವಿದ್ವಾಂಸರೂ ಕೂಡಿ ೭೩ ಸಮುದಾಯಗಳನ್ನು ಪರೀಕ್ಷಿಸಿ ಕ್ರಿ. ಶ. ೨೦೧೩ರಲ್ಲಿ ಪ್ರಕಟಿಸಿದ ನಿರ್ಣಯವು ಇದು: ಸುಮಾರು ೪೨೦೦ ವರ್ಷಗಳ ಹಿಂದಿನಿಂದ ೧೯೦೦ ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಜನರು ವಿಶೇಷವಾಗಿ ಬೆರೆತರು. ತರುವಾಯ ಬೆರೆಯುವುದು ನಿಂತಿತು. ಒಂದೊಂದು ಸಮುದಾಯವು ತನ್ನೊಳಗೇ ಹೆಣ್ಣು ಕೊಟ್ಟು ತರುವ ಕಟ್ಟಿಗೆ ಒಳಗಾಯಿತು.

ಇದರ ಫಲವು ಕೇವಲ ಸಾಮಾಜಿಕವಲ್ಲ. ೨೬೦ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿ ಕ್ರಿ. ಶ. ೨೦೧೭ರಲ್ಲಿ ಪ್ರಕಟವಾದ ಶೋಧವು, ಅವುಗಳಲ್ಲಿ ೮೧ ಸಮುದಾಯಗಳು ಅತ್ಯಲ್ಪ ಮಂದಿ ಮೂಲಪುರುಷರಿಂದ ಇಳಿದು ಬಹಳ ಬಿಗಿಯಾಗಿ ಮುಚ್ಚಿಕೊಂಡವೆಂದು ತೋರಿಸಿತು. ಅಂಥಲ್ಲಿ ತಂದೆಯ ಲಿಪಿಯಲ್ಲಿಯೂ ತಾಯಿಯ ಲಿಪಿಯಲ್ಲಿಯೂ ಒಂದೇ ದೋಷವು ಅಡಗಿರುವ ಸಂಭವವು ಹೆಚ್ಚು. ಎರಡೂ ಕೂಡಿದ ಮಗುವಿಗೆ ರೋಗವು ತಪ್ಪದು. ಕುಲದ ಗೋಡೆಯನ್ನು ಹಿರಿಯರು ಕಟ್ಟಿದರು. ಅದರ ಕರವನ್ನು ತೊಟ್ಟಿಲಿನ ಶಿಶುವು ತೆರುತ್ತಿದೆ.

ಈಗ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದನ್ನು ಸಹಿಸದ ರಾಜಾಜ್ಞೆಯಿಂದ ಆ ಇಬ್ಬರು ತಂದೆಯರು ಘೋರವಾದ ಶಿಕ್ಷೆಗೆ ಗುರಿಯಾದರೆಂದೂ, ಕಲ್ಯಾಣವು ಕೆಟ್ಟು ಶರಣರು ದಿಕ್ಕುದಿಕ್ಕಿಗೆ ಚದರಿದರೆಂದೂ ಪರಂಪರೆಯು ಹೇಳುತ್ತ ಬಂದಿದೆ. ಆ ವಿವಾಹವು ಅನಾದಿಯಾದ ಕಟ್ಟಳೆಯ ಉಲ್ಲಂಘನೆಯೆಂಬುದು ಅಂದಿನ ಆರೋಪ. ಎಲುಬೂ ರಕ್ತವೂ ಇಂದು ಸಾಕ್ಷಿನುಡಿಯುವುದೇನೆಂದರೆ, ಆ ಕಟ್ಟಳೆಯು ಅನಾದಿಯಲ್ಲ. ಅದಕ್ಕೆ ಮುಂಚೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ದೇಶದ ಜನರು ಬೆರೆತೇ ಬಾಳಿದ್ದರು. ಶಿಕ್ಷೆ ವಿಧಿಸಿದವರ ಮೈಯಲ್ಲಿಯೂ ಶಿಕ್ಷೆಗೊಳಗಾದವರ ಮೈಯಲ್ಲಿಯೂ ಆ ಬೆರಕೆಯ ಗುರುತು ಇದ್ದೇ ಇದ್ದಿರಬೇಕು. ಶರಣರು ತೆರೆಯಲೆಳಸಿದುದು ಸಾವಿರ ವರ್ಷಗಳಿಂದ ಮುಚ್ಚಿದ್ದ ಒಂದು ಹಳೆಯ ಬಾಗಿಲನ್ನು.

ಸಿದ್ಧಾಂತ

ಇನ್ನು ಮೊದಲು ಎತ್ತಿದ ಆಕ್ಷೇಪಕ್ಕೆ ಸಮಾಧಾನ. ಶರಣಧರ್ಮವು ನಿಷೇಧಿಸಿದ ಪ್ರಶ್ನೆಯು ಪಂಕ್ತಿಯಿಂದ ಒಬ್ಬನನ್ನು ಎಬ್ಬಿಸುವುದಕ್ಕಾಗಿ ಕೇಳುವ ಪ್ರಶ್ನೆ. ಈ ಶಾಸ್ತ್ರವಾದರೋ ಎಲ್ಲರ ಹುಟ್ಟನ್ನೂ ಒಟ್ಟಿಗೆ ಕೇಳುತ್ತದೆ. ಕೇಳಿ, ಎಲ್ಲರನ್ನೂ ನಡೆದುಬಂದವರೆಂದೂ ಬೆರೆತವರೆಂದೂ ತೋರಿಸಿ, ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕುತ್ತದೆ. ಆದುದರಿಂದ ವಿರೋಧವಿಲ್ಲ.

ಹಾಗಾದರೆ ಶರಣಧರ್ಮವು ಈ ಶಾಸ್ತ್ರದ ಮೇಲೆ ನಿಂತಿದೆಯೇ? ಇಲ್ಲ. ನಾಳೆ ಮತ್ತೊಂದು ಊರಿನ ಎಲುಬು ದೊರೆತು ವರ್ಷಗಳ ಲೆಕ್ಕವು ಬದಲಾಗಬಹುದು. ನಾಲ್ಕನೆಯ ಧಾರೆಯೊಂದು ತೋರಿಬರಬಹುದು. ಶಾಸ್ತ್ರಕ್ಕೆ ಅದು ಭೂಷಣ. ಒಂದು ವೇಳೆ ಮನುಷ್ಯರು ನಾನಾ ಮೂಲಗಳಿಂದ ಹುಟ್ಟಿದವರೆಂದೇ ಸಿದ್ಧವಾಗಿದ್ದರೂ ಹಸಿದವನಿಗೆ ಅನ್ನವಿಕ್ಕುವುದೂ ಇಷ್ಟಲಿಂಗವನ್ನು ಬೇಡಿದವನಿಗೆ ದೀಕ್ಷೆ ಕೊಡುವುದೂ ಕರ್ತವ್ಯವಾಗಿಯೇ ಇರುತ್ತಿದ್ದವು. ಶಾಸ್ತ್ರವು ಮಾಡುವ ಉಪಕಾರವು ಇಷ್ಟು: ಕುಲಾಭಿಮಾನಿಯು ತನ್ನ ಪಕ್ಷಕ್ಕೆ ಆಧಾರವೆಂದು ತೋರಿಸುತ್ತಿದ್ದ ಪ್ರಾಚೀನತೆಯನ್ನು ಅವನ ಕೈಯಿಂದ ಕಿತ್ತುಕೊಳ್ಳುತ್ತದೆ.

ಇದನ್ನು ಕೇಳಿದ ಸದ್ಭಕ್ತರು ಮನೆಗೆ ಹೋದ ಬಳಿಕ ಮಾಡತಕ್ಕದ್ದು ಒಂದುಂಟು. ಮಕ್ಕಳ ಸಂಬಂಧವನ್ನು ಬೆಳೆಯಿಸುವ ಸಮಯದಲ್ಲಿ, ದೀಕ್ಷೆಯೂ ಶೀಲವೂ ಕಾಯಕವೂ ಸರಿಯಾಗಿದ್ದು ಒಳಪಂಗಡವೊಂದೇ ಬೇರೆಯಾಗಿದ್ದರೆ, ಮುಚ್ಚಿದ ಬಾಗಿಲ ಮುಂದೆ ನಿಂತಿರುವೆವೆಂಬುದನ್ನು ಅವರು ನೆನೆಯಲಿ. ಕೀಲಿಯು ಯಾರ ಕೈಯಲ್ಲಿದೆಯೆಂಬುದು ಅವರಿಗೆ ತಿಳಿದೇ ಇದೆ.